ಸೋಡಾ ನೀರಿನ ಎಡಗೈ

ನೋವಾದರೆ ಕೈ ಎಳೆದುಕೊಳ್ಳಬೇಕು ಎಂದು ನಮ್ಮ ನೋಣಯ್ಯ ಮಾವನಿಗೆ ಕಲಿಸಿದವಳು ನನ್ನ ಅಮ್ಮ ದೇಯಿ. ಆಗ ಮಾವನಿಗೆ ನಲವತ್ತರ ಹತ್ತಿರ ವಯಸ್ಸು. ಜೆಪ್ಪುವಿನ ನಮ್ಮ ಮನೆಯ ಜಗಲಿಯಲ್ಲಿ ಅಣ್ಣ ತಂಗಿ ಎದುರುಬದುರು ಕುಳಿತು, ತಂಗಿ ಸೂಜಿ ಚುಚ್ಚುವುದು, ಅಣ್ಣ ಕೈ ಎಳೆಯುವುದು, ಹೀಗೊಂದು ಶಾಲೆ ನಡೆಯಿತೆಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ನಮಗೆ ಯಾರಿಗೂ ನಗು ಬರಲಿಲ್ಲ. ಆ ಪಾಠ ಯಾಕೆ ಬೇಕಾಯಿತು ಎಂದು ಹೇಳಬೇಕಾದರೆ ಮಾವನ ಕೆಲಸದಿಂದಲೇ ಶುರು ಮಾಡಬೇಕು.

ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆಗಳ ಸಾಲಿನ ಕೊನೆಗೆ, ಒಂದು ರಿಪೇರಿಯ ವರ್ಕ್‌ಶಾಪ್ ಇತ್ತು. ಹಂಚು ಒತ್ತುವ ಯಂತ್ರದ ತಿರುಪು, ಅಕ್ಕಿ ಗಿರಣಿಯ ದಂಡ, ಆಗಷ್ಟೇ ಊರೂರಿಗೆ ಓಡತೊಡಗಿದ್ದ ಬಸ್ಸುಗಳ ಆಕ್ಸಲ್, ಏನು ಮುರಿದರೂ ಅಲ್ಲಿಗೆ ಬರುತ್ತಿತ್ತು. ಮಾವ ಅಲ್ಲಿ ಟರ್ನರ್. ಲೇತ್ ಎಂಬ ಯಂತ್ರದಲ್ಲಿ ಕಬ್ಬಿಣದ ತುಂಡನ್ನು ಕಚ್ಚಿಸಿ ಗರಗರ ತಿರುಗಿಸುವುದು, ತಿರುಗುವ ಮೈಗೆ ಉಕ್ಕಿನ ಉಳಿ ತಾಗಿಸಿ ಬೇಕಾದ ಆಕಾರಕ್ಕೆ ಕೆತ್ತುವುದು, ಇದು ಅವರ ಕೆಲಸ. ಮಧ್ಯಾಹ್ನದ ಗಂಜಿ ಕೊಂಡೊಯ್ಯುವವಳು ನಾನು. ಆದ್ದರಿಂದ ಅವರ ಕೆಲಸವನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅದರಲ್ಲಿ ನೋಡುವುದಕ್ಕೆ ಅಂಥದ್ದೇನೂ ಇರಲಿಲ್ಲ ಎನ್ನಿ. ಮನುಷ್ಯ ಅಲುಗಾಡುತ್ತಲೇ ಇರಲಿಲ್ಲ. ತಲೆಯ ಮೇಲೆ ಚರ್ಮದ ಪಟ್ಟಿಗಳು ಟಪಟಪ ಬಡಿದುಕೊಳ್ಳುತ್ತ ಓಡುತ್ತಿದ್ದವು, ಕೆಳಗೆ ಇವರು ಒಬ್ಬರೇ ಸುಮ್ಮನೆ ಬಗ್ಗಿ ನಿಂತಿರುತ್ತಿದ್ದರು.

ಕಬ್ಬಿಣ ಕಬ್ಬಿಣವನ್ನು ಕೆತ್ತುವಾಗ ಬಿಸಿ ಏಳುತ್ತದೆ. ಎಂಥ ಬಿಸಿ ಎಂದರೆ ಕಿತ್ತು ಬರುವ ಸುರುಳಿ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗುತ್ತದೆ. ಸುರುಳಿ ನೀಲಿಯಾದರೆ ಚಿಂತೆಯಿಲ್ಲ. ಉಳಿಯ ತುದಿ ನೀಲಿಯಾದರೆ ಅದರ ಕಸುವೇ ಹೋಯಿತು. ಅದನ್ನು ಬಿಚ್ಚಿ ಕುಲುಮೆಗೆ ಒಯ್ದು, ಕಾಸಿ, ಅದ್ದಿ, ಮತ್ತೆ ಹದ ಮಾಡಬೇಕು. ಅರ್ಧ ದಿನ ಹಾಳು. ಹಾಗಾಗಬಾರದೆಂದು ಉಳಿಯನ್ನು ತಣ್ಣಗಿಡುವ ಉಪಾಯಗಳಿದ್ದವು. ಎರಕದ ಕಬ್ಬಿಣಕ್ಕೆ, ಹಿತ್ತಾಳೆಗೆ ಏನೂ ಬೇಡ, ಒಣಗಿದ್ದರೇ ಚೆನ್ನ. ತಿರುಪು ಕೊರೆಯುವಾಗ ಎಣ್ಣೆ ಬೇಕು. ವಿಲಾಯಿತಿಯಿಂದ ಬರುತ್ತಿದ್ದದ್ದು ಹಂದಿಯ ಕೊಬ್ಬಿನ ಎಣ್ಣೆ. ಬ್ಯಾರಿ ಮುಸಲ್ಮಾನ ಕೆಲಸಗಾರರು ಆ ಡಬ್ಬಿಯನ್ನು ಮುಟ್ಟಲಿಲ್ಲ, ಉಳಿದವರೂ ಅಷ್ಟೇನೂ ಸಂತೋಷದಿಂದ ಮುಟ್ಟಲಿಲ್ಲ. ಹಾಗಾಗಿ ಉಳ್ಳಾಲದಿಂದ ಬೂತಾಯಿ ಮೀನಿನ ಎಣ್ಣೆ ತರಿಸುತ್ತಿದ್ದರು. ಯಾರ ಧರ್ಮಕ್ಕೂ ಅಡ್ಡಿಯಿಲ್ಲ, ನಾತ ಮಾತ್ರ ದೇವರಿಗೇ ಪ್ರೀತಿ. ತಿರುಪಿನ ಕೆಲಸವಿದ್ದ ದಿನ ಮಾವ ಮನೆಗೆ ಬರುವಾಗ ಬೀದಿಯ ಬೆಕ್ಕುಗಳೆಲ್ಲ ಹಿಂದೆಯೇ ಬರುತ್ತಿದ್ದವು.

ಆದರೆ ದಿನವಿಡೀ ಉಕ್ಕು ಕೆತ್ತುವುದಕ್ಕೆ ಎಣ್ಣೆ ಸಾಲದು. ಎಣ್ಣೆ ಜಾರಿಸುತ್ತದೆ, ತಣಿಸುವುದು ನೀರೇ. ಬರೀ ನೀರು ಬಿದ್ದರೆ ಯಂತ್ರಕ್ಕೆ ತುಕ್ಕು. ಅದಕ್ಕೆ ನೀರಿಗೆ ಬಟ್ಟೆ ಒಗೆಯುವ ಸೋಡಾ, ಮೆದು ಸಾಬೂನು ಹಾಕಿ ಕುದಿಸಿ ಆರಿಸಿ, ಉಳಿಯ ಮೇಲ್ಗಡೆ ನೇತುಹಾಕಿದ ಡಬ್ಬಿಗೆ ತುಂಬುತ್ತಿದ್ದರು. ಡಬ್ಬಿಗೆ ಸಣ್ಣ ನಲ್ಲಿ. ಹನಿಹನಿಯಾಗಿ ಇಳಿಯುತ್ತಿತ್ತು. ಸೋಡಾ ಎಷ್ಟು ಹಾಕಬೇಕೆಂದು ಅಳತೆ ಇತ್ತು. ಮಾವ ಅಳತೆಯನ್ನು ಕೇಳುವವರಲ್ಲ. ನಮ್ಮ ಮಂಗಳೂರಿನ ಗಾಳಿಯಲ್ಲೇ ಉಪ್ಪು ಇರುವಾಗ, ಸಂಜೆ ಒರೆಸಿಟ್ಟ ಕಬ್ಬಿಣ ಬೆಳಿಗ್ಗೆ ಕೆಂಪಾಗಿರುವಾಗ, ಯಾರೋ ಚಳಿದೇಶದವರು ಬರೆದ ಅಳತೆ ಇಲ್ಲಿಗೆ ಹೇಗೆ ಸಾಕು ಎಂಬುದು ಅವರ ವಾದ. ಎರಡು ಹಿಡಿ ಜಾಸ್ತಿಯೇ ಹಾಕುತ್ತಿದ್ದರು. ಲೇತ್‌ಗೆ ತುಕ್ಕು ಹಿಡಿಯಲಿಲ್ಲ.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಡಬ್ಬಿ ಇದ್ದಲ್ಲೇ ಇರುತ್ತದೆ, ಉಳಿ ಮುಂದೆ ಮುಂದೆ ಸರಿಯುತ್ತದೆ. ಹನಿ ಒಂದು ಕಡೆ, ಬಿಸಿ ಇನ್ನೊಂದು ಕಡೆ. ಬೇರೆಯವರು ಆಗಾಗ ಡಬ್ಬಿಯನ್ನು ಸರಿಸಿಕೊಳ್ಳುತ್ತಿದ್ದರು. ಮಾವ ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಎಡಗೈಯನ್ನು ನಲ್ಲಿಯ ಕೆಳಗೆ ಒಡ್ಡಿ, ನೀರನ್ನು ಬೆರಳ ಸಂದಿಯಿಂದ ಸರಿಯಾಗಿ ಉಳಿಯ ತುದಿಗೆ ಬಿಡುತ್ತಿದ್ದರು. ಉಳಿ ಹೋದಲ್ಲಿಗೆ ಕೈ ಹೋಗುತ್ತಿತ್ತು. ಆ ಕೈಯ ಮೇಲೆಯೇ ಸುಡುಸುಡುವ ಚೂರುಗಳು ಬಂದು ಬೀಳುತ್ತಿದ್ದವು. ಬಿದ್ದರೂ ಕೈ ಅಲುಗಬಾರದು. ಬೆಚ್ಚಿ ಎಳೆದರೆ ಅಂಗಿಯ ತೋಳು ತಿರುಗುವ ಕಬ್ಬಿಣಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹಿಡಿಕೆ ತಪ್ಪಿ ಉಳಿ ಒಳಗೆ ಕಚ್ಚುತ್ತದೆ. ಅವರ ಜೊತೆಗೇ ಕೆಲಸ ಕಲಿತ ಮಾಯಿಲಪ್ಪ ಎಂಬವರು ಹಾಗೆ ಎಳೆದು ಎರಡು ಬೆರಳು ಕಳೆದುಕೊಂಡಿದ್ದರು. ಮಾವ ಅದನ್ನು ಕಣ್ಣಾರೆ ಕಂಡವರು. ಆಮೇಲೆ ಅವರ ಕೈ ಯಾವುದಕ್ಕೂ ಬೆಚ್ಚಲಿಲ್ಲ.

ಮಾವನ ಮದುವೆಯಾದದ್ದು ನದಿಯ ಆಚೆ, ತೊಕ್ಕೊಟ್ಟಿನಲ್ಲಿ. ಹುಡುಗಿ ಕುಶಲಾ. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು. ಹುಟ್ಟಿದ ಮಗು ತಾಯಿಯ ಮನೆಗೆ ಸೇರಿದ್ದು, ಅದರ ಯಜಮಾನ ತಾಯಿಯ ಅಣ್ಣ. ಕುಶಲತ್ತೆಯ ಅಣ್ಣ ಬೂಬಣ್ಣ ಎಂದು. ಮಗಳು ಬಾಗಿ ಎರಡು ವರ್ಷದವಳಿರುವಾಗ ಅತ್ತೆ ತವರಿಗೆ ಹೋಗಿದ್ದವರು ಅಲ್ಲೇ ಜ್ವರದಲ್ಲಿ ತೀರಿಕೊಂಡರು. ಸುದ್ದಿ ಹೇಳಲು ಬೂಬಣ್ಣನೇ ದೋಣಿಯಲ್ಲಿ ನದಿಯ ಕಡವು ದಾಟಿ ವರ್ಕ್‌ಶಾಪ್‌ಗೆ ಬಂದರು. ಮಾವ ಒಂದು ದೊಡ್ಡ ತಿರುಪು ಕೊರೆಯುತ್ತಿದ್ದರು, ಉಳಿ ಅರ್ಧ ದಾರಿಯಲ್ಲಿತ್ತು.

“ಭಾವ, ಕುಶಲಾ ಹೋದಳು” ಎಂದರು ಬೂಬಣ್ಣ.

ಮಾವ ತಲೆಯಾಡಿಸಿದರು. ಉಳಿ ಕೊನೆ ಮುಟ್ಟುವವರೆಗೂ ಎಣ್ಣೆ ಬಿಡುತ್ತ ನಿಂತಿದ್ದರು. ಆಮೇಲೆ ಉಳಿ ಹಿಂದೆ ತೆಗೆದು, ಪಟ್ಟಿ ಜಾರಿಸಿ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು “ಹೋಗುವ” ಎಂದರು. ಅಷ್ಟು ಹೊತ್ತು ಬೂಬಣ್ಣ ಕಣ್ಣೀರು ಸುರಿಸುತ್ತ ಪಕ್ಕದಲ್ಲಿ ನಿಂತಿದ್ದರು. ಅದನ್ನು ಅವರು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ನಡುವೆ ನಿಲ್ಲಿಸಿದರೆ ತಿರುಪು ಕೆಡುತ್ತದೆ ಎಂದು ವರ್ಕ್‌ಶಾಪ್‌ನವರು ಮಾವನ ಪರವಾಗಿ ಹೇಳುತ್ತಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ತಿರುಪು ಕೆಟ್ಟರೆ ಕೆಡಲಿ ಎನ್ನಲು ಯಾರಿಗೂ ಕಷ್ಟವಿರಲಿಲ್ಲ. ಮಾವನಿಗೆ ಆ ಗಳಿಗೆಯಲ್ಲಿ ಬೇರೆ ಏನು ಮಾಡಬೇಕೆಂದೇ ತಿಳಿಯಲಿಲ್ಲ, ಗೊತ್ತಿದ್ದ ಒಂದನ್ನು ಮಾಡಿದರು.

ಆಮೇಲೆ ಅವರು ಹಾಗೇ ಉಳಿದರು. ಅಮ್ಮ ಬಡಿಸಿದ್ದನ್ನು ತಿನ್ನುತ್ತಿದ್ದರು. ಒಮ್ಮೆ ಸಾರಿಗೆ ಉಪ್ಪು ಹಾಕಲು ಮರೆತದ್ದು ನಮಗೆಲ್ಲ ಮೊದಲ ತುತ್ತಿಗೇ ಗೊತ್ತಾಯಿತು, ಮಾವ ಎರಡು ಸಲ ಹಾಕಿಸಿಕೊಂಡು ಉಂಡು ಎದ್ದರು. ಮಳೆ ಬಂದರೆ ಒದ್ದೆಯಾಗಿ ಬರುತ್ತಿದ್ದರು, ಕೊಡೆ ಮನೆಯಲ್ಲೇ ಇರುತ್ತಿತ್ತು. ಯಾರಾದರೂ ಸತ್ತರೆ ಹೋಗಿ ನಿಲ್ಲುತ್ತಿದ್ದರು, ಮದುವೆಗೂ ಹೋಗಿ ಹಾಗೇ ನಿಲ್ಲುತ್ತಿದ್ದರು. ಇವರನ್ನು ಹಿಡಿದು ಗಡಗಡ ಅಲ್ಲಾಡಿಸಬೇಕು ಎಂದು ನನಗೆ ಚಿಕ್ಕಂದಿನಲ್ಲೇ ಸಿಟ್ಟು ಬರುತ್ತಿತ್ತು.

ಭಾನುವಾರ ಮಾತ್ರ ಬೇರೆ. ಭಾನುವಾರ ಬೆಳಿಗ್ಗೆ ಕೈಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು, ಒಗೆದ ಅಂಗಿ ಹಾಕಿ, ದೋಣಿಯಲ್ಲಿ ಕಡವು ದಾಟಿ ತೊಕ್ಕೊಟ್ಟಿಗೆ ಹೋಗುತ್ತಿದ್ದರು. ಅಲ್ಲಿ ಬೂಬಣ್ಣನ ಮನೆಯಲ್ಲೇ ಬೆಳೆಯುತ್ತಿದ್ದ ಬಾಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅನ್ನ ಉಣ್ಣಿಸುತ್ತಿದ್ದರು. ಅವಳ ಜಡೆ ಹೆಣೆಯುವುದನ್ನು ಕೂಡ ಕಲಿತುಕೊಂಡಿದ್ದರು. ಸಂಜೆ ಹಿಂದೆ ಬಂದು “ಬಾಗಿ ಹೇಗಿದ್ದಾಳೆ?” ಎಂದು ಅಮ್ಮ ಕೇಳಿದರೆ “ಉಂಟು” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾವು ಸಂಜೆವರೆಗೆ ಕಾಯಬೇಕಾಗುತ್ತಿತ್ತು. ಆದರೂ ಅವರು ಬದುಕಿದ್ದದ್ದು ಆ ಭಾನುವಾರಗಳಿಗಾಗಿಯೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬಾಗಿಗೆ ಏಳು ವರ್ಷವಾದಾಗ ಮಾವನ ಎಡಗೈಯ ಮೇಲೆ ಬಿಳಿ ಕಲೆಗಳು ಕಾಣಿಸಿದವು. ಮೊದಲು ಬೆರಳ ಸಂದಿಯಲ್ಲಿ, ಆಮೇಲೆ ಮುಂಗೈಯವರೆಗೆ. ಚರ್ಮ ಅಲ್ಲಲ್ಲಿ ದಪ್ಪಗಾಗಿ ಸೀಳಿತ್ತು. ನಮ್ಮ ಮನೆಯಲ್ಲಿ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ದಿನಾ ನೋಡುವ ಕೈ.

ಬೂಬಣ್ಣ ಗಮನಿಸಿದರು. ಆ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವ ದಿನ. ಮಾವ ಬಾಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ತೂಗುದೀಪದ ಕೆಳಗೆ ಊಟಕ್ಕೆ ಕುಳಿತಿದ್ದರು. ಎಡಗೈ ಮಗಳ ಬೆನ್ನಿನ ಮೇಲಿತ್ತು. ತೂಗುದೀಪದಿಂದ ಉರಿಯುವ ಬತ್ತಿಯ ತುಂಡೊಂದು ಎಣ್ಣೆ ಸಮೇತ ಆ ಕೈಯ ಮೇಲೆ ಬಿತ್ತು. ಸುತ್ತ ಕುಳಿತವರು ಹಾ ಎಂದರು. ಮಾವ ಕೈ ಎಳೆಯಲಿಲ್ಲ. ಬತ್ತಿ ಮಗುವಿನ ಮೇಲೆ ಉರುಳದಂತೆ ಹಾಗೇ ಹಿಡಿದು, ಬಲಗೈಯಿಂದ ಹೊಸಕಿ ನಂದಿಸಿ, ತುತ್ತು ಕಲೆಸಿದರು.

ಬೂಬಣ್ಣ ಎದ್ದು ಬಂದು ದೀಪದ ಬೆಳಕಿಗೆ ಆ ಕೈಯನ್ನು ಬಗ್ಗಿ ನೋಡಿದರು. ಮುಟ್ಟಲಿಲ್ಲ. ಬಿಳಿ ಕಲೆ, ದಪ್ಪ ಚರ್ಮ, ಬೆಂಕಿ ಬಿದ್ದರೂ ಅರಿವಿಲ್ಲದ ಕೈ. ಇಷ್ಟಿದ್ದರೆ ಅದು ಏನೆಂದು ಆ ಕಾಲದಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ದೊಡ್ಡ ರೋಗ. ಕುಷ್ಠ ಎಂಬ ಶಬ್ದವನ್ನು ಬಾಯಲ್ಲಿ ಹೇಳಲೂ ಜನ ಹೆದರುತ್ತಿದ್ದರು.

“ಬಾಗಿ, ಏಳು ಅಲ್ಲಿಂದ” ಎಂದರು ಬೂಬಣ್ಣ. “ಒಳಗೆ ಹೋಗು. ಸ್ನಾನ ಮಾಡು.”

“ಊಟ ಆಗಲಿಲ್ಲ ಅವಳದ್ದು” ಎಂದರು ಮಾವ.

“ಭಾವ, ನೀವು ಇನ್ನು ಇಲ್ಲಿಗೆ ಬರುವುದು ಬೇಡ. ತಂಗಿ ಹೋದಳು. ಆ ಮಗುವನ್ನಾದ್ರೂ ನಾನು ಉಳಿಸಿಕೊಳ್ಬೇಕು.”

ಅದು ದ್ವೇಷದ ಮಾತಾಗಿರಲಿಲ್ಲ. ಹೆದರಿಕೆಯ ಮಾತು. ಹಳೆಯ ಸಿಟ್ಟೂ ಅದಕ್ಕೆ ಸೇರಿಕೊಂಡಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವತ್ತು ಮಾವ ಒಂದು ಮಾತು ಬಾಯಿಬಿಟ್ಟು ಹೇಳಬಹುದಿತ್ತು. ನನಗೆ ಗೊತ್ತಾಯಿತು, ಸುಟ್ಟಿತು, ನನ್ನ ಕೆಲಸವೇ ಹಾಗೆ ಎಂದು ವಿವರಿಸಬಹುದಿತ್ತು. ಅವರು ಎಲೆ ಮಡಚಿ, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟರು. ಮನೆಗೆ ಬಂದಾಗ ಅಮ್ಮ “ಬಾಗಿ ಹೇಗಿದ್ದಾಳೆ?” ಎಂದಳು. “ಉಂಟು” ಎಂದರು.

ಮುಂದಿನ ಭಾನುವಾರ ಅವರು ಕೈ ತೊಳೆದು, ಅಂಗಿ ಹಾಕಿ, ಜಗಲಿಯಲ್ಲಿ ಕುಳಿತೇ ಇದ್ದಾಗ ನಮಗೆ ವಿಷಯ ಗೊತ್ತಾಯಿತು. ಸುದ್ದಿಗೆ ದೋಣಿ ಬೇಕಾಗಲಿಲ್ಲ, ತಾನೇ ಕಡವು ದಾಟಿ ಬಂತು. ವರ್ಕ್‌ಶಾಪ್‌ನಲ್ಲಿ ಕೆಲಸಗಾರರು ಮಾವ ಕುಡಿಯುವ ತಂಬಿಗೆಯನ್ನು ಬೇರೆ ಇಟ್ಟರು. ವಾರ ಕಳೆಯುವುದರೊಳಗೆ ಮ್ಯಾನೇಜರು ಕರೆದು, ಆಸ್ಪತ್ರೆಯಿಂದ ಚೀಟಿ ತಂದರೆ ಮಾತ್ರ ಕೆಲಸಕ್ಕೆ ಬರುವುದು ಎಂದರು. ಮಾವ ಬಂದು ಮೂಲೆಯಲ್ಲಿ ಕುಳಿತರು. ಅಮ್ಮ ಅತ್ತಳು, ಬೈದಳು, ಮತ್ತೆ ಅತ್ತಳು. ಮಾವ ಅವಳನ್ನು ನೋಡುತ್ತಿದ್ದರು, ಅಷ್ಟೇ.

ನಮ್ಮ ನೆರೆಮನೆಯ ಅಪೊಲೋನಿಯಾ ಬಾಯಿ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಮ್ಮ ಬೇಲಿಯ ಹತ್ತಿರ ನಿಂತು ಅವರನ್ನು ಕೇಳಿದಳು.

“ಎಂತ ಮಾಡ್ತಾರೆ ಬಾಯಿ ಅಲ್ಲಿ? ಹೇಗೆ ಗೊತ್ತಾಗ್ತದೆ ಅವರಿಗೆ?”

“ಸೂಜಿ ಚುಚ್ಚಿ ನೋಡ್ತಾರೆ ದೇಯಿ. ಸ್ಪರ್ಶ ಉಂಟಾ ಇಲ್ವಾ ಅಂತ.”

“ಇಲ್ಲದಿದ್ರೆ?”

ಅಪೊಲೋನಿಯಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಇಲ್ಲದಿದ್ದರೆ ಊರಿನ ಹೊರಗೆ ಅಂಥವರಿಗೆಂದೇ ಇದ್ದ ಆಶ್ರಮ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ.

ಅಮ್ಮನಿಗೆ ಅಷ್ಟು ಸಾಕಾಯಿತು. ತನ್ನ ಅಣ್ಣನ ಗುಣ ಅವಳಿಗೆ ಗೊತ್ತು. ಡಾಕ್ಟರು ಸೂಜಿ ಚುಚ್ಚಿದರೆ ಈ ಮನುಷ್ಯ ಕಂಬದ ಹಾಗೆ ಕೂರುತ್ತಾನೆ, ಅಲ್ಲಿಗೆ ಮುಗಿಯಿತು. ಹೀಗೆ ನಮ್ಮ ಜಗಲಿಯಲ್ಲಿ ಪಾಠ ಶುರುವಾಯಿತು.

ಮೊದಲ ಸಲ ಚುಚ್ಚಿದಾಗ ಮಾವ ಸೂಜಿಯನ್ನೇ ನೋಡುತ್ತ ಕುಳಿತರು. ರಕ್ತದ ಸಣ್ಣ ಹನಿ ಬಂತು.

“ನೋವಾಗ್ತದಾ?” ಎಂದಳು ಅಮ್ಮ.

“ಆಗ್ತದೆ.”

“ಮತ್ತೆ ಕೈ ಎಂತಕ್ಕೆ ಎಳೆಯುವುದಿಲ್ಲ?”

“ಎಳೆದ್ರೆ ಎಂತ ಆಗ್ತದೆ?”

“ನೋವಾಯ್ತು ಅಂತ ನೋಡುವವರಿಗೆ ಗೊತ್ತಾಗ್ತದೆ ಮಾರಾಯ! ಎಲ್ಲರೂ ಹಾಗೇ ಮಾಡುವುದು. ಇವಳನ್ನು ನೋಡು.” ಎಂದವಳೇ ನನ್ನ ತೋಳಿಗೆ ಚುಚ್ಚಿಬಿಟ್ಟಳು. ನಾನು ಕಿರುಚಿ ಅಂಗಳಕ್ಕೆ ಹಾರಿದೆ. ಮಾವ ನನ್ನನ್ನು ತುಂಬಾ ಗಮನವಿಟ್ಟು ನೋಡಿದರು.

ಆಮೇಲೆ ಅವರು ಕಲಿತರು. ಕೆಲಸ ಕಲಿಯುವ ಮನುಷ್ಯ ಅಲ್ಲವೇ. ಮೊದಮೊದಲು ಸೂಜಿ ಚುಚ್ಚಿ, ತೆಗೆದು, ಅಮ್ಮ ಸೀರೆಗೆ ಒರೆಸಿಕೊಂಡ ಮೇಲೆ ಕೈ ಎಳೆಯುತ್ತಿದ್ದರು. “ಈಗಲ್ಲ, ಆಗ! ಆಗ!” ಎಂದು ಅಮ್ಮ ಹಣೆ ಬಡಿದುಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಬಂದು ಕುಳಿತು ಕೈ ನೀಡುತ್ತಿದ್ದರು. ಅವರ ಮುಖದಲ್ಲಿ ಬೇಸರವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಕ್ರಮೇಣ ಕೈ ಬೇಗ ಬೇಗ ಹಿಂದೆ ಹೋಗತೊಡಗಿತು. ಕೊನೆಗೆ ಅಮ್ಮ ಬುಟ್ಟಿಯಿಂದ ಸೂಜಿ ತೆಗೆದರೆ ಸಾಕು, ಕೈ ಬೆನ್ನ ಹಿಂದೆ. ಅಮ್ಮ ಸಂತೋಷದಿಂದ ಅವರಿಗೆ ಎರಡು ದೋಸೆ ಜಾಸ್ತಿ ಹಾಕಿದಳು.

ಆಸ್ಪತ್ರೆಗೆ ನಾನೂ ಹೋದೆ. ಡಾಕ್ಟರು ತಟ್ಟೆಯಿಂದ ಸೂಜಿ ಎತ್ತಿದರು. ಮಾವನ ಕೈ ತಟ್ಟನೆ ಹಿಂದೆ ಹೋಯಿತು.

“ನಾನು ಮುಟ್ಟಲೇ ಇಲ್ಲ!” ಎಂದರು ಡಾಕ್ಟರು.

ಇನ್ನೊಮ್ಮೆ. ಮತ್ತೂ ಹಾಗೇ. ಡಾಕ್ಟರ ಮುಖ ಬಿಗಿಯಿತು. ರೋಗ ಮುಚ್ಚಿಡಲು ಬರುವವರು ಅವರಿಗೆ ಹೊಸಬರಲ್ಲ. “ಇದನ್ನು ಯಾರು ಹೇಳಿಕೊಟ್ಟದ್ದು?” ಎಂದರು. ಅಮ್ಮ ನೆಲ ನೋಡಿದಳು. ನಾವೇ ನಮ್ಮ ಕೈಯಾರೆ ಮಾವನನ್ನು ಆಶ್ರಮಕ್ಕೆ ಕಳಿಸಿದೆವು ಎಂದುಕೊಂಡೆ.

ಅಪೊಲೋನಿಯಾ ಬಾಯಿ ಅಲ್ಲೇ ನಿಂತಿದ್ದರು. “ದೇಯಿ, ನೀವು ಹೊರಗೆ ಕೂತ್ಕೊಳ್ಳಿ” ಎಂದರು. ಆಮೇಲೆ ಡಾಕ್ಟರಿಗೆ ಮೆಲ್ಲಗೆ ಏನೋ ಹೇಳಿ, ಮಾವನ ಕಣ್ಣಿಗೆ ಟವೆಲು ಕಟ್ಟಿದರು. ನನ್ನನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ, ಬಾಗಿಲಿಗೆ ಅಂಟಿಕೊಂಡೇ ನಿಂತೆ. ಅವರು ಹತ್ತಿಯ ಎಳೆಯನ್ನು ಆ ಬಿಳಿ ಕಲೆಗಳ ಮೇಲೆ ಆಡಿಸಿದರು. “ಮುಟ್ಟಿದಲ್ಲಿ ಬೆರಳು ಇಡಿ ನೋಣಯ್ಯ.” ಮಾವ ಇಟ್ಟರು. ಒಂದು ಸಲವೂ ತಪ್ಪಲಿಲ್ಲ. ಬಿಸಿನೀರಿನ ಒಂದು, ತಣ್ಣೀರಿನ ಒಂದು ಗಾಜಿನ ನಳಿಕೆ ತಂದು ಸೋಕಿಸಿದರು. “ಇದು ಬಿಸಿ,” ಎಂದರು ಮಾವ. “ಇದು ತಣ್ಣಗೆ. ಈಗ ಮತ್ತೆ ಬಿಸಿ. ಮೊದಲಿನಷ್ಟು ಇಲ್ಲ, ಆರಿದೆ.”

ಡಾಕ್ಟರು ಟವೆಲು ಬಿಚ್ಚಿಸಿ, ತಾವೇ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಯಾರಾದರೂ ಆ ಕೈಯನ್ನು ಹಾಗೆ ಹಿಡಿದು ತಿಂಗಳುಗಳೇ ಆಗಿದ್ದವು. ಅಮ್ಮ ಕೂಡ ಸೂಜಿ ಚುಚ್ಚುವಾಗ ತುದಿಬೆರಳಿನಿಂದಲೇ ಹಿಡಿಯುತ್ತಿದ್ದಳು, ಇದನ್ನೂ ಹೇಳಬೇಕು.

“ದಿನವಿಡೀ ಈ ಕೈಯನ್ನು ಎಲ್ಲಿ ಇಡ್ತೀರಿ?”

“ಸೋಡಾ ನೀರಿನಲ್ಲಿ.”

“ಎಷ್ಟು ಸೋಡಾ ಹಾಕ್ತೀರಿ?”

“ತುಕ್ಕು ಹಿಡಿಯದಷ್ಟು.”

ಡಾಕ್ಟರಿಗೆ ನಗು ಬಂತು. ಇದು ದೊಡ್ಡ ರೋಗವಲ್ಲ, ಸೋಡಾದಲ್ಲಿ ಚರ್ಮ ಬೆಂದದ್ದು, ಕೈಯನ್ನು ಆ ನೀರಿನಿಂದ ದೂರ ಇಟ್ಟು ತೆಂಗಿನೆಣ್ಣೆ ಹಚ್ಚಿ ಎಂದು ಹೇಳಿ ಚೀಟಿ ಬರೆದುಕೊಟ್ಟರು. ಹೊರಗೆ ಬಂದ ಕೂಡಲೇ ಅಮ್ಮ ಫಳ್ನೀರಿನ ರಸ್ತೆಯಲ್ಲೇ ಮರಕ್ಕೆ ಒರಗಿ ಗಟ್ಟಿಯಾಗಿ ಅತ್ತಳು. ಮಾವ ಸ್ವಲ್ಪ ಹೊತ್ತು ಕಾದು, “ಹಸಿವಾಗ್ತದೆ, ಹೋಗುವ” ಎಂದರು. ವರ್ಕ್‌ಶಾಪ್‌ನವರು ಚೀಟಿ ನೋಡಿ ಸೋಮವಾರದಿಂದ ಬರಲಿ ಎಂದರು. ಡಬ್ಬಿಯ ನಲ್ಲಿಗೆ ಬಾಗಿಸಬಹುದಾದ ಸೀಸದ ಕೊಳವೆ ಹಾಕಿಸಿಕೊಡುತ್ತೇವೆ, ಇನ್ನು ಕೈ ಒಡ್ಡುವುದು ಬೇಡ ಎಂದೂ ಹೇಳಿದರು. ಮಾವ ಆಯಿತು ಎಂದರು. ಅವರಿಗೆ ಬೇಕಾಗಿದ್ದದ್ದು ಭಾನುವಾರ.

ಭಾನುವಾರ ಮೂವರೂ ಕಡವು ದಾಟಿದೆವು. ಬೂಬಣ್ಣ ಜಗಲಿಯಲ್ಲಿ ಬೀಡಿ ಸೇದುತ್ತ ಕುಳಿತಿದ್ದರು. ಬಾಗಿ ಒಳಗಿನಿಂದ ಓಡಿಬಂದು, ಹೊಸ್ತಿಲಲ್ಲಿ ತಾನಾಗಿಯೇ ನಿಂತಳು. ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು. ಮಾವ ಅವಳನ್ನೇ ನೋಡುತ್ತ ಅಂಗಳದಲ್ಲಿ ನಿಂತರು.

ಅಮ್ಮ ಚೀಟಿ ನೀಡಿದಳು. ಬೂಬಣ್ಣನಿಗೆ ಇಂಗ್ಲಿಷು ಬಾರದು, ಬಂದಿದ್ದರೂ ನಂಬುತ್ತಿರಲಿಲ್ಲ.

“ಕಾಗದ ಯಾರು ಬೇಕಾದ್ರೂ ಬರೆದುಕೊಡ್ತಾರೆ ದೇಯಿ. ಬೆಂಕಿ ಬಿದ್ದದ್ದನ್ನು ನಾನು ನನ್ನ ಕಣ್ಣಲ್ಲಿ ನೋಡಿದ್ದೇನೆ.” ಆಮೇಲೆ ಮಾವನ ಕಡೆ ತಿರುಗಿದರು. “ಭಾವ, ಕೈ ಕೊಡಿ. ಈ ಬೀಡಿ ಇಡ್ತೇನೆ. ಸುಟ್ಟದ್ದು ಗೊತ್ತಾಗಿ ಕೈ ಎಳೆದ್ರೆ ಬಾಗಿ ನಿಮ್ಮ ಹತ್ತಿರ ಬರಲಿ, ನನ್ನದು ಒಂದು ಮಾತಿಲ್ಲ. ಎಳೆಯದಿದ್ರೆ ಇನ್ನು ಈ ಕಡವು ದಾಟಬೇಡಿ.”

ಅಮ್ಮನ ಮುಖ ಅರಳಿತು. ಇಷ್ಟೇ ತಾನೇ, ಕಲಿಸಿದ ಪಾಠವೇ. “ಕೊಡು ಅಣ್ಣ” ಎಂದಳು. ಮಾವ ಎಡಗೈ ಚಾಚಿದರು. ಬೂಬಣ್ಣ ಬೀಡಿಯನ್ನು ಬಾಯಿಗಿಟ್ಟು ಎಳೆದು, ತುದಿ ಕೆಂಪಗಾದ ಮೇಲೆ ಮುಂಗೈಗೆ ಒತ್ತಿದರು.

ಕೈ ಅಲುಗಲಿಲ್ಲ.

ಅಮ್ಮ ಕಲಿಸಿದ್ದು ಸೂಜಿಯ ಪಾಠ. ಬಿಸಿಯ ಪಾಠ ಅವರಿಗೆ ಲೇತ್‌ನ ಎದುರು ಯಾವತ್ತೋ ಆಗಿಹೋಗಿತ್ತು. ಸುಡುವುದು ತಾಗಿದ ಕೂಡಲೇ ಆ ಕೈ ಇದ್ದಲ್ಲೇ ಬಿಗಿದು ನಿಂತಿತು. ಚರ್ಮ ಸುಟ್ಟ ವಾಸನೆ ಬಂತು. “ಎಳಿ ಅಣ್ಣ, ಎಳಿ!” ಎಂದು ಅಮ್ಮ ಕೂಗಿದಳು. ನಾನೂ ಕೂಗಿದೆ. ಮಾವ ಬೀಡಿಯನ್ನು ನೋಡಲೂ ಇಲ್ಲ, ಹೊಸ್ತಿಲಲ್ಲಿದ್ದ ಬಾಗಿಯನ್ನೇ ನೋಡುತ್ತಿದ್ದರು. “ಗೊತ್ತಾಗ್ತದೆ ಭಾವ. ಉರೀತದೆ” ಎಂದರು, ಹೊತ್ತು ಎಷ್ಟಾಯಿತು ಎಂದು ಹೇಳುವ ದನಿಯಲ್ಲಿ.

ಬೂಬಣ್ಣ ಬೀಡಿಯನ್ನು ಅಂಗಳಕ್ಕೆ ಎಸೆದರು. “ಹೋಗಿ ಭಾವ,” ಎಂದರು. “ಕೈ ಮುಗೀತೇನೆ, ಹೋಗಿ.”

ಮಾವ ಸುಮ್ಮನೆ ತಿರುಗಿದರು. ಆಗ ಬಾಗಿ ಹೊಸ್ತಿಲು ದಾಟಿದಳು. ಕಾಲು ತೊಳೆಯಲು ಜಗಲಿಯಲ್ಲಿ ಇಟ್ಟಿದ್ದ ನೀರಿನ ಗಿಂಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು. “ಬಾಗಿ!” ಎಂದರು ಬೂಬಣ್ಣ. ಅವಳು ಕೇಳಲಿಲ್ಲ.

“ಅಪ್ಪನಿಗೆ ಉರೀತದಂತೆ” ಎಂದಳು.

ಮಾವನ ಬೆರಳುಗಳನ್ನು ತನ್ನ ಪುಟ್ಟ ಕೈಯಲ್ಲಿ ಹಿಡಿದು, ಸುಟ್ಟ ಜಾಗದ ಮೇಲೆ ಗಿಂಡಿ ಬಗ್ಗಿಸಿದಳು. ನೀರು ಬಿದ್ದದ್ದೇ ತಡ, ಮಾವ “ಅಮ್ಮಾ” ಎಂದು ಚೀರಿ ಕೈಯನ್ನು ಎಷ್ಟು ಜೋರಾಗಿ ಎಳೆದುಕೊಂಡರೆಂದರೆ ಗಿಂಡಿ ಅಂಗಳಕ್ಕೆ ಹಾರಿ ಠಣ್ಣೆಂದು ಬಿತ್ತು. ಅದು ನೀರಿಗೋ, ಆ ಬೆರಳುಗಳಿಗೋ ನಾನು ಹೇಳಲಾರೆ. ಅವರು ಚೀರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಕೈಯನ್ನು ಎದೆಗೆ ಒತ್ತಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಕುಶಲಾ ಕುಶಲಾ ಎನ್ನುತ್ತ ಚಿಕ್ಕ ಮಕ್ಕಳ ಹಾಗೆ ಅಳತೊಡಗಿದರು. ಬಾಗಿ ಹೆದರಿ, ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ, ಬೂಬಣ್ಣನ ಮುಖ ನೋಡಿದಳು.

ಬೂಬಣ್ಣ ಕೆಳಗಿಳಿದು ಬಂದು ಗಿಂಡಿ ಎತ್ತಿ ಅವಳ ಕೈಗೆ ಕೊಟ್ಟರು.

“ಬಾವಿಯಿಂದ ತಣ್ಣೀರು ತಾ ಮಗಾ,” ಎಂದರು. “ನಿನ್ನ ಅಪ್ಪನಿಗೆ ನೋವಾಗ್ತಾ ಉಂಟು.”